ಹಳೆ ಪದ್ಮಿನಿ ಕಾರು ತಗೊಳ್ಳುವ ಮೊದಲು ಅದರ ಅಡಿಗೆ ಮಲಗಿ ನೋಡಿ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಈಗ್ಲೂ ಕೆಲವು ಮನೆಗಳ ಶೆಡ್ಡಿನಲ್ಲಿ, ಅಡಿಕೆ ಗೋಣಿಗಳ ಹಿಂದೆ, ಒಂದು ಪದ್ಮಿನಿಯೋ ಅಂಬಾಸಿಡರೋ ಟಾರ್ಪಾಲು ಹೊದ್ದುಕೊಂಡು ನಿಂತಿರ್ತದೆ. ಯಜಮಾನರು ಇದ್ದಾಗ ಓಡಿದ್ದು, ಆಮೇಲೆ ಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಹೋದ್ರು, ಕಾರು ಹಾಗೇ ಉಳಿಯಿತು. ಇಂಥ ಕಾರು ನೋಡಿದಾಗ ಮನಸ್ಸು ಎಳೀತದೆ, ಅದು ನನಗೆ ಚೆನ್ನಾಗಿ ಗೊತ್ತುಂಟು. ನಾನು ಇಂಥದ್ದೇ ಎರಡು ಕಾರು ತಗೊಂಡವ. ಒಂದು ಗುಜರಿಗೆ ಹೋಯ್ತು, ಇನ್ನೊಂದು, 1992ರ ಪ್ರೀಮಿಯರ್ ಪದ್ಮಿನಿ, ಈಗ ನನ್ನ ಅಂಗಳದಲ್ಲಿ ಉಂಟು, ಸೆಲ್ಫ್ ಹೊಡೆದ್ರೆ ಎರಡನೇ ಸಲಕ್ಕೆ ಸ್ಟಾರ್ಟ್ ಆಗ್ತದೆ. ಈ ಎರಡು ಕಾರಿನಿಂದ ಕಲಿತದ್ದನ್ನು ಕ್ರಮವಾಗಿ ಬರೀತೇನೆ, ಮುಖ್ಯವಾಗಿ ನಮ್ಮ ಕಾಸರಗೋಡಿನವರಿಗೆ, ಯಾಕಂದ್ರೆ ಕಡಲ ಗಾಳಿ, ಇಲ್ಲಿಯ ಮಳೆ, ಮತ್ತೆ ಕೇರಳ, ಕರ್ನಾಟಕ ಎರಡು ರಾಜ್ಯದ ಕಾಗದ, ಈ ಮೂರೂ ಸೇರಿ ನಮ್ಮ ಲೆಕ್ಕವೇ ಬೇರೆ.

ಒಂದು ಮಾತು ಮೊದಲೇ ಹೇಳಿಬಿಡ್ತೇನೆ. ಇಂಜಿನ್ ಹಾಳಾಗಿದ್ರೆ ತೊಂದರೆ ಇಲ್ಲ, ಅದನ್ನು ಮಾಡಿಸಬಹುದು. ಬಾಡಿ ತಿಂದುಹೋಗಿದ್ರೆ, ಕಾಗದ ಸರಿ ಇಲ್ಲದಿದ್ರೆ, ಆ ಕಾರನ್ನು ಫ್ರೀಯಾಗಿ ಕೊಟ್ರೂ ತರ್ಬೇಡಿ.

ಯಾವ ಕಾರು

ಮೊದಲ ಸಲ ತಗೊಳ್ಳುವವರು ಪದ್ಮಿನಿ ಅಥವಾ ಅಂಬಾಸಿಡರ್ ನೋಡುದು ಒಳ್ಳೇದು. ಪದ್ಮಿನಿ ಅಂದ್ರೆ 1964ರಲ್ಲಿ ಮುಂಬೈಯ ಕುರ್ಲಾ ಫ್ಯಾಕ್ಟರಿಯಿಂದ ಫಿಯಟ್ 1100 ಡಿಲೈಟ್ ಅಂತ ಬಂದ ಕಾರೇ, 70ರ ದಶಕದಲ್ಲಿ ಹೆಸರು ಪ್ರೀಮಿಯರ್ ಪದ್ಮಿನಿ ಆಯ್ತು, 1089 ಸಿಸಿ ಪೆಟ್ರೋಲ್ ಇಂಜಿನ್, ಹೆಚ್ಚಿನದರಲ್ಲಿ ಸ್ಟಿಯರಿಂಗ್ ಪಕ್ಕ ಗೇರ್. ಅಂಬಾಸಿಡರ್ ಹಿಂದೂಸ್ತಾನ್ ಮೋಟಾರ್ಸಿನದ್ದು, ಉತ್ತರಪಾರಾದಲ್ಲಿ 2014ರವರೆಗೂ ಮಾಡ್ತಾ ಇದ್ರು, ಹಾಗಾಗಿ ಅದರ ಸ್ಪೇರ್ ಇನ್ನೂ ಸುಲಭ. ಪದ್ಮಿನಿಯ ಸಾಮಾನು ಬೆಂಗಳೂರಿನ ಜೆ.ಸಿ. ರೋಡಿನಲ್ಲಿ, ಮುಂಬೈಯಲ್ಲಿ ಹುಡುಕಿದ್ರೆ ಸಿಕ್ತದೆ. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿ ನಿಂತದ್ದೇ 2023ರ ಅಕ್ಟೋಬರ್ ಕೊನೆಗೆ, ಅಷ್ಟು ವರ್ಷ ಅಲ್ಲಿ ರಿಪೇರಿ ನಡೀತಾ ಇದ್ದದ್ದರಿಂದ ಸಾಮಾನು ಇನ್ನೂ ಖಾಲಿ ಆಗ್ಲಿಲ್ಲ. ಹೊರದೇಶದ ಅಪರೂಪದ ಕಾರು ಬೇಕು ಅಂತ ಆಸೆ ಇದ್ರೆ ಇರಲಿ, ಆದ್ರೆ ಅದು ಎರಡನೇ ಕಾರು ಆಗಲಿ, ಬ್ರೇಕಿನ ಒಂದು ವೀಲ್ ಸಿಲಿಂಡರಿಗೆ ಆರು ತಿಂಗಳು ಕಾಯುವ ತಾಳ್ಮೆ ಮೊದಲ ಕಾರಿನಲ್ಲಿ ಯಾರಿಗೂ ಇರುದಿಲ್ಲ.

ಮೊದಲು ಆರ್‌ಸಿ, ಆಮೇಲೆ ಕಾರು

ನನ್ನ ಮೊದಲ ಕಾರಿನ ಕಥೆ ಇಲ್ಲಿ ಹೇಳ್ಬೇಕು. ಬಿಳಿ ಬಣ್ಣ, ಫಳಫಳ ಹೊಳೀತಿತ್ತು, ಮಾರುವವರು ತುಂಬ ಒಳ್ಳೇ ಮಾತಿನವರು, ಆರ್‌ಸಿ ಬುಕ್ಕಿನ ಜೆರಾಕ್ಸ್ ತೋರಿಸಿದ್ರು, ಒರಿಜಿನಲ್ ಮನೆಯಲ್ಲಿ ಉಂಟು ಕೊಡ್ತೇನೆ ಅಂತ ಹೇಳಿದ್ರು, ನಾನು ದುಡ್ಡು ಕೊಟ್ಟು ಕಾರು ತಂದೆ. ಆರ್‌ಸಿಯಲ್ಲಿದ್ದ ಹೆಸರು ಮಾರಿದವರದ್ದೂ ಅಲ್ಲ, ಅವರಿಗೆ ಮಾರಿದವರದ್ದೂ ಅಲ್ಲ, ಅದಕ್ಕೂ ಹಿಂದಿನವರದ್ದು, ಅವರು ತೀರಿಕೊಂಡು ಹನ್ನೆರಡು ವರ್ಷ ಆಗಿತ್ತು. ಅವರ ಮಕ್ಕಳು ಮೂರು ಊರಿನಲ್ಲಿ. ಇಬ್ಬರು ಸಹಿ ಹಾಕ್ಲಿಕ್ಕೆ ತಯಾರಿದ್ರು, ಒಬ್ಬರು ಒಪ್ಪಲಿಲ್ಲ. ಆ ಕಾರು ಒಂದು ದಿನ ಕೂಡ ನನ್ನ ಹೆಸರಿಗೆ ಆಗ್ಲಿಲ್ಲ.

ಹಾಗಾಗಿ ಕಾರು ನೋಡ್ಲಿಕ್ಕೆ ಹೋಗುವ ಮೊದಲು ಫೋನಿನಲ್ಲೇ ಕೇಳಿ: ಆರ್‌ಸಿ ಯಾರ ಹೆಸರಲ್ಲಿ ಉಂಟು, ಅವರು ಈಗ ಇದ್ದಾರಾ, ಒರಿಜಿನಲ್ ಕೈಯಲ್ಲಿ ಉಂಟಾ, ರಿಜಿಸ್ಟ್ರೇಶನ್ ಯಾವ ತಾರೀಕಿನವರೆಗೆ ಚಾಲ್ತಿ. ಖಾಸಗಿ ಕಾರಿಗೆ ಮೊದಲ ರಿಜಿಸ್ಟ್ರೇಶನ್ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ರಿನೀವಲ್, ಅದಕ್ಕೆ ಫಾರಂ 25. ನಂಬರನ್ನು ಸರಕಾರದ ಪರಿವಾಹನ್ ಸೈಟಿನಲ್ಲಿ ಹಾಕಿ ನೋಡಿ. ಅಲ್ಲಿ ಕಾರಿನ ವಿವರವೇ ಬರದಿದ್ರೆ ಹಳೆ ಪುಸ್ತಕದ ದಾಖಲೆ ಕಂಪ್ಯೂಟರಿಗೆ ಏರಲಿಲ್ಲ ಅಂತ ಅರ್ಥ ಇರಬಹುದು, ಅದನ್ನು ಬ್ಯಾಕ್‌ಲಾಗ್ ಎಂಟ್ರಿ ಅಂತ ಮೂಲ ಆರ್‌ಟಿಒದಲ್ಲಿ ಮಾಡಿಸ್ಬೇಕು, ಮತ್ತೆ ಅದನ್ನು ಮಾರುವವರೇ ಮಾಡಿಸಿ ಕೊಡ್ಲಿ, ದುಡ್ಡು ಅದಾದ ಮೇಲೆ. ರಿಜಿಸ್ಟ್ರೇಶನ್ ಕ್ಯಾನ್ಸಲ್ ಅಂತ ತೋರಿಸಿದ್ರೆ ಅಲ್ಲಿಗೇ ಬಿಟ್ಟುಬಿಡಿ.

ಯಜಮಾನರು ತೀರಿಕೊಂಡಿದ್ರೆ ಮೊದಲು ವಾರಸುದಾರರ ಹೆಸರಿಗೆ ಫಾರಂ 31ರಲ್ಲಿ ಆಗ್ಬೇಕು, ಉಳಿದ ವಾರಸುದಾರರ ಒಪ್ಪಿಗೆ ಬೇಕು. ನಮ್ಮ ಕಡೆಯ ಕೂಡುಕುಟುಂಬದ ಮನೆಗಳಲ್ಲಿ ಇದು ಸಣ್ಣ ಕೆಲಸ ಅಲ್ಲ, ಪಾಲುಪಟ್ಟಿಯ ಬೇಸರ ಎಲ್ಲ ಆ ಕಾರಿನ ಮೇಲೆ ಬರ್ತದೆ. ಹಿರಿಯರ ಹತ್ರ ಕೂತು, ಚಾ ಕುಡಿದು, ಎಲ್ಲರೂ ಒಪ್ತಾರಾ ಅಂತ ಬಾಯಿಬಿಟ್ಟು ಕೇಳಿ. ಅವರು "ಅದೆಲ್ಲ ಆಗ್ತದೆ ಮಾರಾಯ್ರೆ" ಅಂದ್ರೆ ಆಗುದಿಲ್ಲ ಅಂತಲೇ ತಿಳ್ಕೊಳ್ಳಿ, "ಆ ದಿವಸ ಎಲ್ಲರೂ ಬರ್ತೇವೆ" ಅಂತ ತಾರೀಕು ಹೇಳಿದ್ರೆ ಮುಂದೆ ಹೋಗಿ.

ಸಾಲದ ನಮೂದು ಉಂಟಾ ನೋಡಿ. 1990ರಲ್ಲಿ ಬ್ಯಾಂಕಿನ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಹೈಪಾಥಿಕೇಶನ್ ಹಾಗೇ ಉಳಿದಿರ್ತದೆ, ಅದನ್ನು ತೆಗೆಸ್ಲಿಕ್ಕೆ ಫಾರಂ 35, ಮತ್ತೆ ಆ ಬ್ಯಾಂಕಿನ ಸಹಿ. ಆ ಬ್ಯಾಂಕೇ ಈಗ ಇನ್ನೊಂದು ಬ್ಯಾಂಕಿನ ಜೊತೆ ಸೇರಿರಬಹುದು, ಆದ್ರೂ ಕಾಗದ ಸಿಕ್ತದೆ, ಓಡಾಟ ಉಂಟು ಅಷ್ಟೆ.

ಚಾಸಿ ನಂಬರ್, ಇಂಜಿನ್ ನಂಬರ್ ಎರಡನ್ನೂ ನೀವೇ ಓದಿ. ವೈರ್ ಬ್ರಷ್ಷಿನಿಂದ ಮೆಲ್ಲ ತಿಕ್ಕಿ, ಅದರ ಮೇಲೆ ಕಾಗದ ಇಟ್ಟು ಪೆನ್ಸಿಲಿನಲ್ಲಿ ಉಜ್ಜಿದ್ರೆ ನಂಬರ್ ಏಳ್ತದೆ, ಆರ್‌ಟಿಒದಲ್ಲಿ ಕೇಳುದೂ ಇದೇ ಪ್ರಿಂಟು. ಆರ್‌ಸಿಯ ಜೊತೆ ಒಂದೊಂದು ಅಕ್ಷರ ತಾಳೆ ಮಾಡಿ. ಇಂಜಿನ್ ಬದಲಾಯಿಸಿದ್ದು ಆರ್‌ಸಿಯಲ್ಲಿ ನಮೂದು ಆಗದಿದ್ರೆ ಟ್ರಾನ್ಸ್‌ಫರ್ ಹೊತ್ತಿಗೆ ಅಲ್ಲೇ ನಿಲ್ತದೆ. ಬಣ್ಣ ಬದಲಾಯಿಸಿದ್ದೂ ಹಾಗೇ.

ವಿಂಟೇಜ್ ರಿಜಿಸ್ಟ್ರೇಶನ್ ಬಗ್ಗೆ ತುಂಬ ಜನ ಕೇಳ್ತಾರೆ. ಅದು 2021ರಲ್ಲಿ ಬಂದ ನಿಯಮ, ಮೊದಲ ರಿಜಿಸ್ಟ್ರೇಶನ್ ಆಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ ಮಾತ್ರ. ಫೀಸು 20,000 ರೂಪಾಯಿ, 10 ವರ್ಷಕ್ಕೆ, ಆಮೇಲೆ ರಿನೀವಲಿಗೆ 5,000, ನಂಬರಿನಲ್ಲಿ ವಿಎ ಅಂತ ಬರ್ತದೆ. ಆದ್ರೆ ಆ ಕಾರನ್ನು ದಿನಾ ಓಡಿಸುವ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕ್ಲಿಕ್ಕೆ, ರಿಪೇರಿಗೆ, ಇಷ್ಟಕ್ಕೇ. ವಿಟ್ಲದ ಮದುವೆಗೆ, ಮಧೂರು ದೇವಸ್ಥಾನಕ್ಕೆ ಅಂತ ಮನೆಯವರನ್ನು ಕೂರಿಸಿ ಹೋಗ್ಬೇಕು ಅಂತಿದ್ರೆ ಮಾಮೂಲು ರಿಜಿಸ್ಟ್ರೇಶನ್ನೇ ಸರಿ.

ಕಡಲ ಗಾಳಿ ತಿಂದ ಕಾರು

ಕಾಗದ ಸರಿ ಉಂಟು ಅಂತಾದ್ರೆ ಹೋಗಿ ನೋಡಿ. ಹಗಲಲ್ಲಿ ಹೋಗಿ, ಮಳೆ ಇಲ್ಲದ ದಿನ ಹೋಗಿ, ಒದ್ದೆಯಾದ ಕಾರು ಎಲ್ಲವೂ ಚಂದವೇ ಕಾಣ್ತದೆ. ತಗೊಂಡು ಹೋಗ್ಬೇಕಾದ್ದು: ಹಳೆ ಸ್ಪೀಕರಿನಿಂದ ತೆಗೆದ ಒಂದು ಸಣ್ಣ ಅಯಸ್ಕಾಂತ, ತೆಳು ಬಟ್ಟೆ, ಟಾರ್ಚು, ಉದ್ದದ ಸ್ಕ್ರೂಡ್ರೈವರ್, ಮಲಗ್ಲಿಕ್ಕೆ ಒಂದು ಗೋಣಿ.

ಪದ್ಮಿನಿಗೂ ಅಂಬಾಸಿಡರಿಗೂ ಜೀಪಿನ ಹಾಗೆ ಬೇರೆ ಚಾಸಿ, ಅಂದ್ರೆ ಅಡಿಯ ಚೌಕಟ್ಟು, ಇಲ್ಲ. ಬಾಡಿಯೇ ಚಾಸಿ. ಬಾಗಿಲಿನ ಅಡಿಯ ಉದ್ದದ ಪೆಟ್ಟಿಗೆ ಉಂಟಲ್ಲ, ಸಿಲ್ ಅಂತ ಹೇಳ್ತಾರೆ, ಅದೂ ನೆಲದ ತಗಡೂ ಸೇರಿ ಇಡೀ ಕಾರನ್ನು ಹಿಡಿದಿರುದು. ಅದು ಹೋದ್ರೆ ಕಾರು ನಡುವಿನಲ್ಲಿ ಜಗ್ತದೆ, ಬಾಗಿಲು ಹಾಕ್ಲಿಕ್ಕೆ ಎತ್ತಿ ಹಾಕ್ಬೇಕಾಗ್ತದೆ. ಬಾಗಿಲು ತೆಗೆದು ಹಾಕಿ ನೋಡುದೇ ಮೊದಲ ಪರೀಕ್ಷೆ. ಟಪ್ ಅಂತ ಕೂತ್ರೆ ಒಳ್ಳೇದು.

ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ, ಪೇಂಟಿಗೆ ಗೀರು ಆಗ್ಬಾರ್ದು, ಅದನ್ನು ಬಾಗಿಲಿನ ಕೆಳಭಾಗದಲ್ಲಿ, ಮಡ್‌ಗಾರ್ಡಿನಲ್ಲಿ, ಹೆಡ್‌ಲೈಟಿನ ಸುತ್ತ, ಗ್ಲಾಸಿನ ಕೆಳಗಿನ ಮೂಲೆಗಳಲ್ಲಿ ಎಳೀತಾ ಹೋಗಿ. ತಗಡು ಇದ್ದಲ್ಲಿ ಕಚ್ಚಿ ಹಿಡೀತದೆ, ಕೈಗೆ ಗೊತ್ತಾಗ್ತದೆ. ಪುಟ್ಟಿ, ಅಂದ್ರೆ ತೂತು ಮುಚ್ಚಿ ಮೆತ್ತಿದ ಪೇಸ್ಟು, ಇದ್ದಲ್ಲಿ ಸಟ್ಟನೆ ಜಾರ್ತದೆ. ನನ್ನ ಮೊದಲ ಕಾರಿನಲ್ಲಿ, ತಂದ ಮೇಲೆ ಇದನ್ನು ಮಾಡಿದಾಗ ಎಡಬದಿ ಹಿಂದಿನ ಚಕ್ರದ ಮೇಲಿನಿಂದ ಡಿಕ್ಕಿಯವರೆಗೆ ಎಲ್ಲಿಯೂ ಅಯಸ್ಕಾಂತ ನಿಲ್ಲಲೇ ಇಲ್ಲ. ಅಷ್ಟೂ ಪುಟ್ಟಿ. ಡಿಕ್ಕಿಯ ಮ್ಯಾಟ್ ಎತ್ತಿದ್ರೆ ಹಳೆ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ರಿವೆಟ್ ಹೊಡೆದಿದ್ರು, ಬ್ರ್ಯಾಂಡಿನ ಹೆಸರು ಅರ್ಧ ಓದ್ಲಿಕ್ಕೆ ಬರ್ತಿತ್ತು, ಅದರ ಮೇಲೆ ಡಾಂಬರಿನಂಥ ಕಪ್ಪು ಪೇಂಟ್.

ಮತ್ತೆ ಅಡಿಗೆ ಮಲಗಿ. ಇದನ್ನು ಬಿಡ್ಲೇಬೇಡಿ. ಹಿಂದಿನ ಲೀಫ್ ಪ್ಲೇಟು (ಪಟ್ಟಿ ಸ್ಪ್ರಿಂಗು) ಕಾರಿನ ಬಾಡಿಗೆ ಸೇರುವ ಜಾಗ, ಜ್ಯಾಕ್ ಕೊಡುವ ಜಾಗ, ಡ್ರೈವರಿನ ಕಾಲಡಿಯ ನೆಲ, ಬ್ಯಾಟರಿಯ ಕೆಳಗಿನ ತಟ್ಟೆ, ಸ್ಟೆಪ್ನಿ ಇಡುವ ಕುಳಿ, ಇಷ್ಟನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಟಣ್ ಅಂತದೆ, ತಿಂದದ್ದು ದಬ್ ದಬ್ ಅಂತ ಒದ್ದೆ ರಟ್ಟಿನ ಶಬ್ದ ಮಾಡ್ತದೆ. ಮೇಲಿನ ಕಂದು ಬಣ್ಣದ ತುಕ್ಕು ನೋಡಿ ಹೆದರುದು ಬೇಡ, ಅದು ತಿಕ್ಕಿದ್ರೆ ಹೋಗ್ತದೆ. ಪದರ ಪದರವಾಗಿ ಉಬ್ಬಿ, ಮುಟ್ಟಿದ್ರೆ ಉದುರುವುದು ಉಂಟಲ್ಲ, ಅದಕ್ಕೆ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡುದೇ ದಾರಿ. ಲೀಫ್ ಪ್ಲೇಟಿನ ಜಾಗ ಹಾಗಾಗಿದ್ರೆ ನಾನಾದ್ರೆ ವಾಪಸು ಬರ್ತೇನೆ.

ಮಂಜೇಶ್ವರ, ಕುಂಬಳೆ, ಬೇಕಲದ ಕಡೆ ಕಡಲ ಬದಿಯಲ್ಲೇ ನಿಂತ ಕಾರಿಗಿಂತ ಸುಳ್ಯ, ಪುತ್ತೂರು, ಮುಳ್ಳೇರಿಯದ ಒಳಗಿನ ಕಾರಿನ ತಗಡು ಹೆಚ್ಚಾಗಿ ಚೆನ್ನಾಗಿರ್ತದೆ, ಇದು ನಾನು ಹದಿನೈದು ಇಪ್ಪತ್ತು ಕಾರು ನೋಡಿ ಹೇಳುದು. ಇನ್ನೂ ಒಂದು, ಮಣ್ಣಿನ ನೆಲದಲ್ಲಿ ನಿಂತ ಕಾರು ಸಿಮೆಂಟಿನ ನೆಲದಲ್ಲಿ ನಿಂತದ್ದಕ್ಕಿಂತ ಬೇಗ ಹೋಗ್ತದೆ, ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು, ಆ ತೇವ ಎಲ್ಲ ಅಡಿಯಿಂದ ಏರ್ತದೆ. ಅಡಿಕೆ ಸಿಪ್ಪೆ ತುಂಬಿದ ಗೋಣಿ ಕಾರಿನ ಒಳಗೆ ಇಟ್ಟಿದ್ರೆ ಇಲಿ ಗೂಡು ಕಟ್ಟಿರ್ತದೆ, ವಯರಿಂಗ್ ಪೂರಾ ಹೊಸತು ಅಂತ ಲೆಕ್ಕ ಹಾಕಿ.

ಇಂಜಿನ್ ನೋಡುದು

ಓಡುವ ಕಾರು ಆದ್ರೆ ಮೊದಲು ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ, ತಣ್ಣಗಾಗುವವರೆಗೆ ಕಾಯಿರಿ. ತಣ್ಣಗಿನ ಇಂಜಿನ್ ಸ್ಟಾರ್ಟ್ ಆಗುವ ರೀತಿಯೇ ಎಲ್ಲ ಹೇಳ್ತದೆ. ನೀಲಿ ಹೊಗೆ ಬಂದ್ರೆ ಆಯಿಲ್ ಉರೀತದೆ, ಬಿಳಿ ಹೊಗೆ ನಿಲ್ಲದೆ ಬರ್ತಾ ಇದ್ದು ರೇಡಿಯೇಟರಿನಲ್ಲಿ ಗುಳ್ಳೆ ಎದ್ರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಹೊಗೆ ಪುಸ್ ಪುಸ್ ಅಂತ ಬಂದ್ರೆ ಬ್ಯಾಕ್ ಕಂಪ್ರೆಶನ್, ಪಿಸ್ಟನ್ನಿನ ರಿಂಗೋ ಸಿಲಿಂಡರಿನ ಬೋರೋ ಸವೆದು ಹೋಗಿದೆ. ಇದಕ್ಕೆಲ್ಲ ಹೆದರ್ಬೇಡಿ, ರೇಟು ಇಳಿಸ್ಲಿಕ್ಕೆ ಬಳಸಿ. ಬೋರಿಂಗ್ ಮಾಡುವ ಲೇತ್ ಮಂಗಳೂರಿನಲ್ಲಿ ಇನ್ನೂ ಉಂಟು.

ದುಡ್ಡಿನ ಬಗ್ಗೆ ನನ್ನ ಲೆಕ್ಕ ಹೇಳ್ತೇನೆ, ಪದ್ಮಿನಿಗೆ ಕೊಟ್ಟದ್ದು 70,000, ರೋಡಿಗೆ ಇಳಿಸುವಾಗ ಇನ್ನೂ 1,35,000 ಆಗಿತ್ತು, ಅದರಲ್ಲಿ ಟಿಂಕರಿಂಗ್ (ತಗಡಿನ ಕೆಲಸ) ಮತ್ತೆ ಪೇಂಟೇ ಅರ್ಧಕ್ಕಿಂತ ಹೆಚ್ಚು. ಕಾರಿನ ಬೆಲೆಯ ಇಮ್ಮಡಿ ಕೈಯಲ್ಲಿ ಇಟ್ಕೊಂಡು ಶುರು ಮಾಡಿ, ಇಲ್ಲದಿದ್ರೆ ಬಿಚ್ಚಿದ ಕಾರು ಬಿಚ್ಚಿದ ಹಾಗೇ ಎರಡು ಮಳೆಗಾಲ ಕಾಣ್ತದೆ.

ತಗೊಂಡ ಮೇಲೆ ಓಡಿಸಿಕೊಂಡು ಬರ್ತೇನೆ ಅಂತ ಹೊರಡ್ಬೇಡಿ. ಎಷ್ಟೋ ವರ್ಷ ನಿಂತ ಬ್ರೇಕು, ಎಷ್ಟೋ ವರ್ಷದ ಟಯರು. ಪಿಕಪ್ಪಿನಲ್ಲೋ ರಿಕವರಿ ಗಾಡಿಯಲ್ಲೋ ಹಾಕಿ ತನ್ನಿ.

ಬ್ರೇಕ್ ಮೊದಲು, ಪೇಂಟ್ ಕೊನೆಗೆ

ಮನೆಗೆ ಬಂದ ಕೂಡ್ಲೇ ಎಲ್ಲರಿಗೂ ಪೇಂಟ್ ಮಾಡಿಸುವ ಆಸೆ. ಬೇಡ. ಪೇಂಟ್ ಆದ ಮೇಲೆ ಇಂಜಿನ್ ಇಳಿಸಿದ್ರೆ ಗೀರು ಬೀಳ್ತದೆ, ಬ್ರೇಕ್ ಆಯಿಲ್ ಒಂದು ಹನಿ ಬಿದ್ರೂ ಪೇಂಟ್ ಎದ್ದುಬರ್ತದೆ. ತುಕ್ಕಿನ ವೆಲ್ಡಿಂಗ್ ಕೆಲಸ, ಬ್ರೇಕು, ಇಂಜಿನ್, ವಯರಿಂಗ್, ಇದೆಲ್ಲ ಮುಗಿದು ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಪೇಂಟು.

ಹಳೆ ಪದ್ಮಿನಿಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಮತ್ತೆ ಹೆಚ್ಚಿನದರಲ್ಲಿ ಬ್ರೇಕ್ ಆಯಿಲಿಗೆ ಒಂದೇ ಲೈನು. ಅಂದ್ರೆ ಎಲ್ಲಿಯಾದ್ರೂ ಒಂದು ಕಡೆ ಸೋರಿದ್ರೆ ನಾಲ್ಕೂ ಚಕ್ರದ ಬ್ರೇಕ್ ಹೋಯ್ತು. ಇದನ್ನು ನಾನು ಅಡ್ಕಸ್ಥಳದ ಇಳಿಜಾರಿನಲ್ಲಿ ಕಂಡವ. ಒಂದು ವರ್ಕ್‌ಶಾಪಿನಲ್ಲಿ ಬ್ರೇಕ್ ಕೆಲಸ ಪೂರಾ ಮಾಡಿದ್ದೇವೆ ಅಂತ ಬಿಲ್ ಕೊಟ್ಟಿದ್ರು, ಮಾಡಿದ್ದು ಲೈನಿಂಗ್ ಬದಲಾಯಿಸಿದ್ದು ಮಾತ್ರ, ವೀಲ್ ಸಿಲಿಂಡರಿನ ರಬ್ಬರ್ ಹಳೇದೇ. ಎದುರಿಂದ ಬಸ್ಸು, ನಾನು ಪೆಡಲ್ ಒತ್ತಿದೆ, ಕಾಲು ಸೀದಾ ನೆಲಕ್ಕೆ ಹೋಯ್ತು. ಗೇರ್ ಮೂರರಿಂದ ಎರಡಕ್ಕೆ ಇಳಿಸಿ, ಹ್ಯಾಂಡ್‌ಬ್ರೇಕ್ ಮೆಲ್ಲ ಮೆಲ್ಲ ಎಳೆದು, ಎಡಕ್ಕೆ ದಂಡೆಯ ಮಣ್ಣಿಗೆ ಹತ್ತಿಸಿ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಅಮ್ಮ ಇದ್ರು. ಆ ದಿನದ ನಂತರ ಬ್ರೇಕ್ ಕೆಲಸ ಆಗುವಾಗ ನಾನು ಅಲ್ಲೇ ನಿಂತಿರ್ತೇನೆ, ನೀವೂ ನಿಲ್ಲಿ.

ಮಾಡಿಸ್ಬೇಕಾದ್ದು ಇಷ್ಟು: ಮಾಸ್ಟರ್ ಸಿಲಿಂಡರ್ ಕಿಟ್ ಅಥವಾ ಹೊಸ ಸಿಲಿಂಡರ್, ಎಲ್ಲ ವೀಲ್ ಸಿಲಿಂಡರ್, ರಬ್ಬರಿನ ಹೋಸ್ ಪೈಪು ಎಲ್ಲವೂ ಹೊಸತು, ಕಬ್ಬಿಣದ ಲೈನು ತುಕ್ಕು ಹಿಡಿದಿದ್ರೆ ಅದೂ. ಡ್ರಮ್ಮಿನಲ್ಲಿ ಗೆರೆ ಬಿದ್ದಿದ್ರೆ ಲೇತಿನಲ್ಲಿ ಸ್ಕಿಮ್ ಮಾಡಿಸಿ, ಅಂದ್ರೆ ಕೆತ್ತಿ ನಯ ಮಾಡಿಸಿ. ಹಳೆ ಬ್ರೇಕ್ ಆಯಿಲ್ ಪೂರಾ ತೆಗೀರಿ, ಅದು ಗಾಳಿಯ ತೇವವನ್ನು ಹೀರಿಕೊಳ್ತದೆ, ಒಳಗಿಂದಲೇ ಸಿಲಿಂಡರಿಗೆ ತುಕ್ಕು ತರ್ತದೆ, ನಮ್ಮ ಮಳೆಗಾಲದಲ್ಲಿ ಕೇಳುದೇ ಬೇಡ. ಡಾಟ್ 3 ಬ್ರೇಕ್ ಆಯಿಲ್ ಹಾಕಿ, ಲೈನಿನ ಒಳಗಿನ ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು ಮಾಡಿ ಹತ್ತಿರಕ್ಕೆ ಬನ್ನಿ. ಒಬ್ಬರು ಒಳಗೆ ಕೂತು ಪೆಡಲ್ ಒತ್ತಿ ಹಿಡಿಯುದು, ಇನ್ನೊಬ್ಬರು ನಿಪ್ಪಲ್ ಸಡಿಲಿಸಿ ಬಾಟ್ಲಿಗೆ ಬಿಡುದು, ಪೆಡಲ್ ಬಿಡುವ ಮೊದಲು ನಿಪ್ಪಲ್ ಟೈಟ್. ಗುಳ್ಳೆ ನಿಲ್ಲುವವರೆಗೆ. ಆಮೇಲೆ ಪೆಡಲನ್ನು ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಿಡೀರಿ, ಮೆಲ್ಲ ಮೆಲ್ಲ ಇಳಿದ್ರೆ ಎಲ್ಲೋ ಸೋರ್ತಾ ಉಂಟು. ಹ್ಯಾಂಡ್‌ಬ್ರೇಕ್ ಕೇಬಲನ್ನೂ ಮರೀಬೇಡಿ, ನನ್ನನ್ನು ಉಳಿಸಿದ್ದು ಅದೇ.

ಇಂಜಿನ್ ಎಬ್ಬಿಸುದು

ವರ್ಷಗಟ್ಟಲೆ ನಿಂತ ಇಂಜಿನಿಗೆ ಬ್ಯಾಟರಿ ಕೊಟ್ಟು ಸೀದಾ ಸೆಲ್ಫ್ ಹೊಡೆದ್ರೆ ಒಣಗಿದ ರಿಂಗು ಬೋರನ್ನು ಕೆರೀತದೆ. ನನಗೆ ಇದನ್ನು ಕಲಿಸಿದ್ದು ಉಪ್ಪಳದ ಕಡೆಯ ಒಬ್ಬರು ಹಳೆ ಮೆಕ್ಯಾನಿಕ್, ನಾವೆಲ್ಲ ಅವರನ್ನು ಇಚ್ಚ ಅಂತಲೇ ಕರೆಯುದು, ಎಪ್ಪತ್ತು ದಾಟಿದ್ದಾರೆ. ಅವರು ಮೊದಲ ದಿನ ಸ್ಪ್ಯಾನರನ್ನೇ ಮುಟ್ಟಲಿಲ್ಲ. ನಾಲ್ಕೂ ಪ್ಲಗ್ ಬಿಚ್ಚಿಸಿ, ಪ್ರತಿ ತೂತಿಗೆ ಎರಡೆರಡು ಚಮಚ ಇಂಜಿನ್ ಆಯಿಲ್ ಬಿಡಿಸಿ, "ಇನ್ನು ನಾಡಿದ್ದು ಬಾ" ಅಂತ ಹೇಳಿ ಬೀಡಿ ಹಚ್ಚಿಕೊಂಡು ಹೋದ್ರು. ಎರಡು ದಿನ ಬಿಟ್ಟು, ಟಾಪ್ ಗೇರ್ ಹಾಕಿ, ಪ್ಲಗ್ ಇಲ್ಲದೆಯೇ ಕಾರನ್ನು ಅಂಗಳದಲ್ಲಿ ಒಂದು ಗೇಣು ಮುಂದೆ, ಒಂದು ಗೇಣು ಹಿಂದೆ ತಳ್ಳಿಸಿದ್ರು. ಇಂಜಿನ್ ತಿರುಗ್ತದೆ ಅಂತ ಖಾತ್ರಿ ಆದ ಮೇಲೆ ಹಳೆ ಆಯಿಲ್ ತೆಗೆದು, ಫಿಲ್ಟರ್ ನೋಡಿ, ಹೊಸ 20ಡಬ್ಲ್ಯೂ50 ಹಾಕಿ, ಪ್ಲಗ್ ಇಲ್ಲದೆ ಸೆಲ್ಫ್ ತಿರುಗಿಸಿದ್ರು, ಆಯಿಲ್ ಪ್ರೆಶರಿನ ಕೆಂಪು ಲೈಟ್ ಆರುವವರೆಗೆ. ಆಮೇಲೆ ಪ್ಲಗ್.

ಟ್ಯಾಂಕಿನ ಹಳೆ ಪೆಟ್ರೋಲನ್ನು ಮುಟ್ಟಲೇಬೇಡಿ, ಅದು ವಾರ್ನಿಶ್ ಆಗಿರ್ತದೆ, ವಾಸನೆಯಲ್ಲೇ ಗೊತ್ತಾಗ್ತದೆ. ಟ್ಯಾಂಕ್ ಇಳಿಸಿ ತೊಳೆಸ್ಬೇಕು, ಅಷ್ಟರವರೆಗೆ ಒಂದು ಡಬ್ಬಿಯಲ್ಲಿ ಹೊಸ ಪೆಟ್ರೋಲ್ ಇಟ್ಟು ಇಂಜಿನಿನ ಪೆಟ್ರೋಲ್ ಪಂಪಿಗೆ ಪೈಪ್ ಕೊಡಿ. ಕಾರ್ಬುರೇಟರ್ ಬಿಚ್ಚಿ ಜೆಟ್ ಸ್ವಚ್ಛ ಮಾಡಿ. ಈಗ ಪೆಟ್ರೋಲ್ ಬಂಕುಗಳಲ್ಲಿ ಸಿಗುದು ಇ20, 20 ಶೇಕಡಾ ಎಥನಾಲ್, ಹಳೆ ಕಾರಿನ ರಬ್ಬರ್ ಇದಕ್ಕೆ ಮಾಡಿದ್ದಲ್ಲ, ಪೈಪು ಮೆತ್ತಗಾಗಿ ಬಿರಿಯುದು, ಇಂಜಿನಿನ ಪೆಟ್ರೋಲ್ ಪಂಪಿನ ಡಯಾಫ್ರಾಮ್ (ಒಳಗಿನ ರಬ್ಬರ್ ಪೊರೆ) ಹೋಗುದು ಎಲ್ಲ ಆಗ್ತದೆ. ಎಥನಾಲ್ ತಡೆಯುವ ಹೋಸ್ ಕೇಳಿ ಹಾಕಿಸಿ, ಕಾರನ್ನು ತಿಂಗಳುಗಟ್ಟಲೆ ತುಂಬಿದ ಟ್ಯಾಂಕಿನಲ್ಲಿ ನಿಲ್ಲಿಸ್ಬೇಡಿ, ಎಥನಾಲ್ ನೀರು ಎಳೀತದೆ. ಪೆಟ್ರೋಲ್ ವಾಸನೆ ಒಳಗೆ ಬಂದ್ರೆ ಅವತ್ತೇ ನೋಡ್ಬೇಕು, ನಾಳೆಗೆ ಇಡ್ಬಾರ್ದು. ಒಂದು ಸಣ್ಣ ಬೆಂಕಿ ಆರಿಸುವ ಸಿಲಿಂಡರ್ ಡ್ರೈವರ್ ಕೈಗೆ ಸಿಗುವ ಹಾಗೆ ಇಡಿ.

ಪ್ಲಗ್ಗಿಗೆ ಕರೆಂಟು ಬರದಿದ್ರೆ ಡೆಲ್ಕೋ, ಅಂದ್ರೆ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್, ಅದರ ಕ್ಯಾಪ್ ತೆಗೆದು ಒಳಗಿನ ಪಾಯಿಂಟ್ ನೋಡಿ, ಹೆಚ್ಚಾಗಿ ಅದರ ಮೇಲೆ ಬಿಳಿ ಪುಡಿ ಕೂತಿರ್ತದೆ, ನಯವಾದ ಪಾಲೀಶ್ ಕಾಗದದಲ್ಲಿ ತಿಕ್ಕಿ, ಫೀಲರ್ ಗೇಜಿನಲ್ಲಿ ಗ್ಯಾಪ್ ಸೆಟ್ ಮಾಡಿ. ಕಂಡೆನ್ಸರ್ ಒಂದು ಸ್ಪೇರ್ ಡ್ಯಾಶಿನಲ್ಲಿ ಯಾವಾಗ್ಲೂ ಇರಲಿ. ಪ್ಲಗ್ ವಯರು ತೆಗೆದು ಹಾಕುವಾಗ ಕ್ರಮ ತಪ್ಪಿದ್ರೆ, ಸಿಲಿಂಡರುಗಳಿಗೆ ಕಿಡಿ ಹೋಗುವ ಕ್ರಮ 1-3-4-2 ಅಂತ ನೆನಪಿಡಿ.

ಕೂಲಿಂಗ್ ಬೇರೆ ಹೇಳ್ಬೇಕು. ರೇಡಿಯೇಟರನ್ನು ಇಳಿಸಿ ಕೆಮಿಕಲ್ ಹಾಕಿ ತೊಳೆಸಿ, ಹೋಸುಗಳು ಹೊಸತು, ಫ್ಯಾನ್ ಬೆಲ್ಟ್ ಹೊಸತು, ಬಾವಿ ನೀರಿನ ಬದಲು ಕೂಲಂಟ್. ಮಾರ್ಚ್ ಏಪ್ರಿಲಿನಲ್ಲಿ ಹೈವೇ ಟ್ರಾಫಿಕ್ಕಿನಲ್ಲಿ ನಿಂತ್ರೆ ಇಂಜಿನಿನ ಪಂಪಿನಲ್ಲಿ ಪೆಟ್ರೋಲ್ ಆವಿಯಾಗಿ ಕಾರು ಬಂದ್ ಬೀಳ್ತದೆ, ಆಗ ಗಾಬರಿ ಬೇಡ, ಆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾದ್ರೆ ಸರಿ ಆಗ್ತದೆ. ನನ್ನ ಡಿಕ್ಕಿಯಲ್ಲಿ ಎರಡು ಲೀಟರ್ ನೀರು ಮತ್ತೆ ಒಂದು ಬೈರಾಸು (ಟವೆಲ್) ಖಾಯಂ.

ಗ್ರೀಸ್, ಟಯರು, ವಯರಿಂಗು

ಮುಂದಿನ ಚಕ್ರದ ಕಿಂಗ್‌ಪಿನ್ನಿನಲ್ಲಿ, ಅಂದ್ರೆ ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಪಿನ್ನಿನಲ್ಲಿ, ಗ್ರೀಸ್ ನಿಪ್ಪಲ್ ಉಂಟು, ಮಣ್ಣು ಮುಚ್ಚಿರ್ತದೆ, ಕೆರೆದು ಹುಡುಕಿ. ಗ್ರೀಸ್ ಗನ್ ಒತ್ತಿದಾಗ ಹಳೆ ಕಪ್ಪು ಗ್ರೀಸ್ ಹೊರಗೆ ಬಂದು, ಅದರ ಹಿಂದೆ ಹೊಸ ಬಣ್ಣದ ಗ್ರೀಸ್ ಕಾಣುವವರೆಗೆ ಒತ್ತಿ. ಇಚ್ಚ ಹೇಳುದು, ಪದ್ಮಿನಿಗೆ ಗ್ರೀಸ್ ಹೊಡೆದವನಿಗೆ ಸ್ಟಿಯರಿಂಗ್ ಕೈಯಲ್ಲಿ ಹಗುರ ಅಂತ, ಅದು ನಿಜ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಗೇರ್ ಬಾಕ್ಸ್ ಆಯಿಲ್, ಹಿಂದಿನ ಡಿಫರೆನ್ಶಿಯಲ್ ಆಯಿಲ್, ಇದು ಮೂರೂ ಒಟ್ಟಿಗೆ ಮುಗಿಸಿ.

ಟಯರಿನಲ್ಲಿ ನಾಲ್ಕು ಅಂಕೆ ಇರ್ತದೆ, 2314 ಅಂದ್ರೆ 2014ರ 23ನೇ ವಾರದ್ದು. ಮೇಲಿನ ಹಲ್ಲು ಎಷ್ಟೇ ಉಳಿದಿದ್ರೂ ಹತ್ತು ವರ್ಷದ ಟಯರು ಬೇಡ. ಪದ್ಮಿನಿಯ ಮೂಲ ಸೈಜ್ 5.20-14.

ವಯರಿಂಗಿಗೆ ಒಬ್ಬ ಒಳ್ಳೇ ಆಟೋ ಇಲೆಕ್ಟ್ರಿಶಿಯನ್ ಸಾಕು, ಆದ್ರೆ ಇದ್ದ ವಯರಿಗೆ ಟೇಪ್ ಸುತ್ತಿ ಕೊಡುವವರ ಹತ್ರ ಬೇಡ, ಇಲಿ ಕಡಿದ ಹಾರ್ನೆಸ್ ಪೂರಾ ಹೊಸತು ಹಾಕಿಸಿ. ಹೆಡ್‌ಲೈಟಿಗೆ ರಿಲೇ ಹಾಕಿಸಿದ್ರೆ ಸ್ವಿಚ್ಚೂ ಉಳೀತದೆ ಬೆಳಕೂ ಜಾಸ್ತಿ. ವೈಪರ್ ಮೋಟರ್ ಬಿಚ್ಚಿ ಗ್ರೀಸ್ ಹಾಕಿಸಿ, ಹೊಸ ಬ್ಲೇಡ್, ಗ್ಲಾಸಿನ ಬೀಡಿಂಗ್ ಹೊಸತು, ಜೂನಿನ ಮೊದಲು ಇಷ್ಟು ಆಗ್ಲೇಬೇಕು. ಸೀಟ್ ಬೆಲ್ಟ್ ಇಲ್ಲದಿದ್ರೆ ಮುಂದಿನ ಎರಡು ಸೀಟಿಗಾದ್ರೂ ಗಟ್ಟಿ ಪ್ಲೇಟ್ ವೆಲ್ಡ್ ಮಾಡಿಸಿ ಹಾಕಿಸಿ.

ಕರ್ನಾಟಕದ ನಂಬರನ್ನು ಇಲ್ಲಿಗೆ ತರುದು

ನನ್ನ ಪದ್ಮಿನಿ ಕೆಎ 19, ಮಂಗಳೂರಿನದ್ದು. ನಮಗೆ ಗಡಿಯ ತಲಪಾಡಿ ದಾಟುದು ಅಂದ್ರೆ ಪಕ್ಕದ ಮನೆಗೆ ಹೋದ ಹಾಗೆ, ಆದ್ರೆ ಕಾನೂನಿಗೆ ಹಾಗಲ್ಲ, ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡ್ರೆ ಅಲ್ಲಿಯ ನಂಬರ್ ಮಾಡಿಸ್ಲೇಬೇಕು. ಕ್ರಮ ಹೀಗೆ. ರಿಜಿಸ್ಟ್ರೇಶನ್ ಮುಗಿದಿದ್ರೆ ಮೊದಲು ಮೂಲ ಆರ್‌ಟಿಒದಲ್ಲೇ ರಿನೀವಲ್ ಮಾಡಿಸುದು ಸುಲಭ, ಮುಗಿದ ಆರ್‌ಸಿ ಹಿಡ್ಕೊಂಡು ಗಡಿ ದಾಟಿದ್ರೆ ಎರಡೂ ಕಡೆ ಓಡಾಟ. ಫೀಸು 2022ರ ಏಪ್ರಿಲಿನಲ್ಲಿ ಕಾರಿಗೆ 5,000 ಆಯ್ತು, 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದ್ರು. ಆಮೇಲೆ ಫಾರಂ 28ರಲ್ಲಿ ಎನ್ಒಸಿ (ಆಕ್ಷೇಪ ಇಲ್ಲ ಅನ್ನುವ ಕಾಗದ), ಅದಕ್ಕೆ ಬಾಕಿ ಟ್ಯಾಕ್ಸ್, ಹಳೆ ಚಲನ್ ಎಲ್ಲ ಕಟ್ಟಿರ್ಬೇಕು. ಟ್ರಾನ್ಸ್‌ಫರಿಗೆ ಫಾರಂ 29, 30 ಮಾರುವವರ ಸಹಿಯೊಂದಿಗೆ ಅಲ್ಲೇ ಮಾಡಿಸಿಡಿ, ಆಮೇಲೆ ಅವರನ್ನು ಹುಡುಕುದು ಕಷ್ಟ. ಇಲ್ಲಿ ಬಂದು ಫಾರಂ 27ರಲ್ಲಿ ಹೊಸ ನಂಬರಿಗೆ ಅರ್ಜಿ, ನಮಗೆ ಕೆಎಲ್ 14. ಕೇರಳದಲ್ಲಿ 15 ವರ್ಷ ಕಳೆದ ಕಾರಿಗೆ ಐದು ವರ್ಷದ ಟ್ಯಾಕ್ಸ್ ಒಟ್ಟಿಗೆ, ಜೊತೆಗೆ ಗ್ರೀನ್ ಟ್ಯಾಕ್ಸ್, ಅದನ್ನು ಪರಿವಾಹನ್ನಿನಲ್ಲೇ ಲೆಕ್ಕ ಹಾಕಿ ಬಜೆಟ್ಟಿಗೆ ಸೇರಿಸಿ.

ಇನ್ಸ್‌ಪೆಕ್ಟರ್ ನೋಡುವಾಗ ಹಾರ್ನು, ಇಂಡಿಕೇಟರು, ಬ್ರೇಕ್ ಲೈಟು, ಹ್ಯಾಂಡ್‌ಬ್ರೇಕು, ಟಯರು, ನಂಬರ್ ಪ್ಲೇಟು ಎಲ್ಲ ನೋಡ್ತಾರೆ. ಹೊಗೆ ಸರ್ಟಿಫಿಕೇಟಿಗೆ ಭಾರತ್ ಸ್ಟೇಜ್ ಬರುವ ಮೊದಲಿನ ಪೆಟ್ರೋಲ್ ಕಾರಿಗೆ ಕಾರ್ಬನ್ ಮೊನಾಕ್ಸೈಡ್ 3 ಶೇಕಡಾದ ಒಳಗೆ, ಹೈಡ್ರೋಕಾರ್ಬನ್ 1500 ಪಿಪಿಎಂ ಒಳಗೆ ಬರ್ಬೇಕು, ಕಾರ್ಬುರೇಟರ್ ಟ್ಯೂನ್ ಮಾಡಿ ಇಂಜಿನ್ ಚೆನ್ನಾಗಿ ಬಿಸಿ ಆದ ಮೇಲೆ ಹೋದ್ರೆ ಪಾಸ್ ಆಗ್ತದೆ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇಲ್ಲದೆ ಗೇಟ್ ದಾಟ್ಬೇಡಿ. ಹೆಚ್ಚು ಖರ್ಚು ಮಾಡಿದ ಕಾರಾದ್ರೆ ಮೊದಲೇ ಬೆಲೆ ಒಪ್ಪಿಕೊಂಡು ಮಾಡುವ ಪಾಲಿಸಿ ಕೇಳಿ, ಮಾಮೂಲು ಲೆಕ್ಕದಲ್ಲಿ ಹಳೆ ಕಾರಿಗೆ ಬೆಲೆಯೇ ಬರುದಿಲ್ಲ.

ಇನ್ನೊಂದು, ಇಲ್ಲಿಯ ಆರ್‌ಟಿಒ ಆಫೀಸಿನ ಕಾಗದ ಮಲಯಾಳದಲ್ಲಿ ಬಂದ್ರೆ ಅರ್ಥ ಆಗದೆ ಸಹಿ ಹಾಕ್ಬೇಡಿ, ಗೊತ್ತಿರುವವರ ಹತ್ರ ಓದಿಸಿ, ಸಂಕೋಚ ಬೇಡ.

ಮೊದಲ ಓಟ

ಮೊದಲ ದಿನ ಮನೆಯಿಂದ ಐದು ಕಿಲೋಮೀಟರಿನ ಒಳಗೆ, ಬೆಳಿಗ್ಗೆ ಹೊತ್ತು, ಒಬ್ಬರೇ ಹೋಗ್ಬೇಡಿ, ಹಿಂದಿನಿಂದ ಒಬ್ಬರು ಬೈಕಿನಲ್ಲಿ ಬರಲಿ. ನಾನು ಬದಿಯಡ್ಕದಿಂದ ಸೀತಾಂಗೋಳಿ ಕಡೆಗೆ ಸ್ವಲ್ಪ ದೂರ ಹೋಗಿ ಬಂದೆ, ಬಂದು ನಾಲ್ಕೂ ಡ್ರಮ್ ಮುಟ್ಟಿ ನೋಡಿದೆ, ಎಡ ಮುಂದಿನದ್ದು ಮಾತ್ರ ಕೈ ಇಡ್ಲಿಕ್ಕೆ ಆಗದಷ್ಟು ಬಿಸಿ, ಬ್ರೇಕ್ ಶೂ ಟೈಟ್ ಇತ್ತು, ಸಡಿಲ ಮಾಡಿದೆ. ಎರಡನೇ ದಿನ ಕುಂಬಳೆ. ಅದೂ ಸರಿ ಆದ ಮೇಲೆ ಪೆರ್ಲದ ಕಡೆಯ ಏರು ತಗ್ಗು, ಅಲ್ಲಿ ಕ್ಲಚ್ಚೂ ಬ್ರೇಕೂ ಎರಡೂ ಗೊತ್ತಾಗ್ತದೆ. ಹೈವೇಗೆ ಎಲ್ಲಕ್ಕಿಂತ ಕೊನೆಗೆ, ಮತ್ತೆ ಅಲ್ಲಿ 60ರಲ್ಲಿ ಎಡಕ್ಕೇ ಹೋಗಿ, ಹಿಂದಿನವರು ಹಾರ್ನ್ ಹೊಡೀತಾರೆ, ಹೊಡೀಲಿ, ಈ ಕಾರು ನಿಲ್ಲಿಸ್ಲಿಕ್ಕೆ ಇವತ್ತಿನ ಕಾರಿಗಿಂತ ತುಂಬ ಉದ್ದ ಬೇಕು, ಮುಂದಿನ ಗಾಡಿಗೆ ಅಂತರ ಇಮ್ಮಡಿ ಬಿಡಿ.

ಪ್ರತಿ ಓಟದ ನಂತರ ಬೆಳಿಗ್ಗೆ ಕಾರಿನ ಅಡಿಗೆ ಹಾಸಿದ ರಟ್ಟು ನೋಡಿ. ರಾತ್ರಿಯೇ ಹಾಸಿಡಿ. ಯಾವ ಜಾಗದಲ್ಲಿ, ಯಾವ ಬಣ್ಣದ ಕಲೆ, ಕಪ್ಪು ಆದ್ರೆ ಇಂಜಿನ್ ಆಯಿಲ್, ಹಸುರು ಆದ್ರೆ ಕೂಲಂಟ್, ಚಕ್ರದ ಒಳಬದಿಯಲ್ಲಿ ಒದ್ದೆ ಆದ್ರೆ ಬ್ರೇಕ್, ಬ್ರೇಕ್ ಆದ್ರೆ ಆ ದಿನ ಕಾರು ತೆಗೀಬೇಡಿ. 500 ಕಿಲೋಮೀಟರ್ ಆದ ಮೇಲೆ ಇಂಜಿನ್ ಆಯಿಲ್ ಮತ್ತೊಮ್ಮೆ ಬದಲಾಯಿಸಿ, ಹೆಡ್ ಬಿಚ್ಚಿದ್ದಿದ್ರೆ ಬೋಲ್ಟ್ ಟೈಟ್ ನೋಡಿಸಿ, ಚಕ್ರದ ನಟ್ಟು, ಲೀಫ್ ಪ್ಲೇಟಿನ ಯು ಬೋಲ್ಟು ಎಲ್ಲ ಒಂದು ಸುತ್ತು.

ಮಳೆಗಾಲದಲ್ಲಿ ಟಾರ್ಪಾಲನ್ನು ಕಾರಿಗೆ ಅಂಟಿಸಿ ಹೊದಿಸ್ಬೇಡಿ, ಒಳಗೆ ತೇವ ನಿಂತು ಎಲ್ಲ ಕೆಲಸ ವ್ಯರ್ಥ, ಮಾಡಿನ ಅಡಿಗೆ ಗಾಳಿ ಆಡುವ ಹಾಗೆ ನಿಲ್ಲಿಸಿ, ಬಾಗಿಲಿನ ಅಡಿಯ ನೀರು ಹೋಗುವ ತೂತುಗಳನ್ನು ಒಂದು ತಂತಿ ಹಾಕಿ ಬಿಡಿಸಿಡಿ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ, ಅಂಗಳದಲ್ಲೇ ಸ್ಟಾರ್ಟ್ ಮಾಡಿ ಆಫ್ ಮಾಡಿದ್ರೆ ಸೈಲೆನ್ಸರಿನ ಒಳಗೆ ನೀರು ನಿಲ್ತದೆ. ನನ್ನದು ಆದಿತ್ಯವಾರ ಬೆಳಿಗ್ಗೆ, ಮಳೆ ಬಿಟ್ಟ ಹೊತ್ತು ನೋಡಿ, ಪೇಪರ್ ಮತ್ತೆ ಹಾಲು ತರ್ಲಿಕ್ಕೆ ಪೇಟೆಗೆ, ಅಮ್ಮ ಹಿಂದಿನ ಸೀಟಿನಲ್ಲೇ.